ಕೈರೋದ ಕಾಗದದ ಕೋಣೆಯಲ್ಲಿ ಮಂಗಳೂರಿನ ಲೆಕ್ಕ

ಇಂಟರ್ನೆಟ್‌ನಲ್ಲಿ ಅಲ್ಲಿ ಇಲ್ಲಿ ಸಿಕ್ಕ ಹಳೇ ವಿಷಯಗಳನ್ನು ಹೆಕ್ಕಿ ತಂದು ನಿಮ್ಮ ಮುಂದೆ ಇಡೋದು ನನ್ನ ಅಭ್ಯಾಸ ಅಂತ ನಿಮಗೆ ಗೊತ್ತು. ಸಾಮಾನ್ಯವಾಗಿ ದೂರದ ಯಾವುದೋ ದೇಶದ ಕತೆ ಹೇಳ್ತೀನಿ. ಈ ಸಲ ದೂರದ ದೇಶದಲ್ಲಿ ನಮ್ಮ ಊರಿನ ಕತೆ ಸಿಕ್ಕಿಬಿಟ್ಟಿತು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಲೈಬ್ರರಿಯವರು ತಮ್ಮಲ್ಲಿರೋ ಹಸ್ತಪ್ರತಿಗಳ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಹಾಕಿದ್ದಾರೆ. ಯಾರು ಬೇಕಾದ್ರೂ ನೋಡಬಹುದು, ಲಾಗಿನ್ ಬೇಡ, ದುಡ್ಡು ಬೇಡ. ಒಂದು ರಾತ್ರಿ ನಿದ್ದೆ ಬಾರದೆ ಅದರಲ್ಲಿ ಓಡಾಡ್ತಿದ್ದೆ. ಕಂದು ಬಣ್ಣಕ್ಕೆ ತಿರುಗಿದ ಕಾಗದದ ಚೂರುಗಳು, ಅಂಚು ಹರಿದಿದೆ, ನಡುವೆ ಹುಳ ತಿಂದ ತೂತು. ಅಕ್ಷರ ಹೀಬ್ರೂ. ನೋಡಿದರೆ ಯಾವುದೋ ಧರ್ಮಗ್ರಂಥದ ಹಾಳೆ ಅನ್ನಬೇಕು. ಆದರೆ ಲಿಪಿ ಮಾತ್ರ ಹೀಬ್ರೂ, ಭಾಷೆ ಅರಬ್ಬಿ. ವಿಷಯವೋ, ಮೆಣಸು, ಕಬ್ಬಿಣ, ಏಲಕ್ಕಿ, ಅಡಿಕೆ, ಯಾರು ಯಾರಿಗೆ ಎಷ್ಟು ಬಾಕಿ ಕೊಡಬೇಕು ಅನ್ನೋದು. ಅಂಥ ಕಾಗದಗಳ ಒಂದು ದೊಡ್ಡ ಗುಂಪಿಗೆ ಸಂಬಂಧಪಟ್ಟ ಊರಿನ ಹೆಸರು ಮಂಜರೂರು. ಅಂದ್ರೆ ನಮ್ಮ ಮಂಗಳೂರು. ಕಾಲ, ಕ್ರಿ.ಶ. 1130–40ರ ದಶಕ.

ಬಿ.ಕಾಂ. ಓದಿದ ನನ್ನಂಥವನಿಗೆ ಇದನ್ನು ನೋಡಿ ಎದೆ ಹೊಡಕೊಳ್ಳೋದಕ್ಕೆ ಒಂದು ಕಾರಣ ಉಂಟು. ಅದನ್ನು ಮೊದಲೇ ಹೇಳಿಬಿಡ್ತೇನೆ.

ನನ್ನ ಅಜ್ಜ ಪುತ್ತೂರಿನ ಕಡೆ ಅಡಿಕೆ ವ್ಯಾಪಾರ ಮಾಡ್ತಿದ್ದರು. ದೊಡ್ಡ ಮಂಡಿ ಏನಲ್ಲ, ಹಳ್ಳಿಯ ಕೃಷಿಕರಿಂದ ಸಣ್ಣ ಸಣ್ಣ ಲಾಟು ತಗೊಂಡು ಮಂಗಳೂರಿಗೆ ಕಳಿಸೋದು. ಮಳೆಗಾಲದಲ್ಲಿ ಮುಂಗಡ ಕೊಡೋದು, ಕೊಯ್ಲಿನ ನಂತರ ಮಾಲಿನಲ್ಲಿ ವಜಾ ಮಾಡೋದು. ಅವರ ಕಿರ್ದಿ ಪುಸ್ತಕ, ಖಾತೆ ಪುಸ್ತಕ ಎಲ್ಲ ಅಟ್ಟದ ಮೇಲೆ ನಾಲ್ಕು ಗೋಣಿಚೀಲ ತುಂಬ ಇದ್ದವು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಅಜ್ಜ ತೀರಿಕೊಂಡ ಮೇಲೆ ಮನೆ ರಿಪೇರಿಗೆ ಕೈ ಹಾಕಿದರು. ಗುಜರಿಯವನು ಬಂದ, ಕಿಲೋ ಲೆಕ್ಕದಲ್ಲಿ ತೂಗಿದ. ಚೀಲಗಳನ್ನು ಅಟ್ಟದಿಂದ ಇಳಿಸಿ ರಿಕ್ಷಾಕ್ಕೆ ಹಾಕಿದ್ದು ನಾನೇ. ಆಗ ಪಿಯುಸಿ, ತಲೆಯೊಳಗೆ ಬೇರೆ ಏನೂ ಇರಲಿಲ್ಲ. ನಾಲ್ಕು ವರ್ಷದ ನಂತರ ಅಕೌಂಟೆನ್ಸಿ ಕ್ಲಾಸಲ್ಲಿ ಕೂತಿದ್ದಾಗ ಅದು ನೆನಪಾಗಿ ಹೊಟ್ಟೆ ಉರಿಯಿತು. ಮೂವತ್ತು ವರ್ಷ ಒಂದು ಹಳ್ಳಿಯಲ್ಲಿ ಯಾರು ಯಾರಿಗೆ ಸಾಲ ಕೊಟ್ಟರು, ಯಾವ ವರ್ಷ ಕೊಳೆರೋಗ ಬಂತು, ಯಾರ ಮದುವೆಗೆ ಯಾರು ಮುಂಗಡ ತಗೊಂಡರು, ಎಲ್ಲ ಅದರಲ್ಲಿತ್ತು. ಈಗ ಎಲ್ಲಿದೆ? ಯಾವುದೋ ರಟ್ಟಿನ ಪೆಟ್ಟಿಗೆ ಆಗಿ ಹೋಗಿರಬಹುದು.

ಈಗ ಕೈರೋಗೆ ಬರೋಣ.

ಹಳೇ ಕೈರೋದ ಭಾಗಕ್ಕೆ ಫುಸ್ತಾತ್ ಅಂತ ಹೆಸರು. ಅಲ್ಲಿ ಬೆನ್ ಎಜ್ರಾ ಅನ್ನೋ ಸಿನಗಾಗ್ ಇದೆ, ಯಹೂದಿಗಳ ಪ್ರಾರ್ಥನಾ ಮಂದಿರ. ಯಹೂದಿಗಳಲ್ಲಿ ಒಂದು ಪದ್ಧತಿ. ದೇವರ ಹೆಸರು ಬರೆದ ಕಾಗದವನ್ನು ಬಿಸಾಡಬಾರದು, ಸುಡಬಾರದು. ಹಳತಾದರೆ ಒಂದು ಕಡೆ ಸೇರಿಸಿಟ್ಟು ಆಮೇಲೆ ಮಣ್ಣಲ್ಲಿ ಹೂಳಬೇಕು. ಆ ಸೇರಿಸಿಡೋ ಜಾಗಕ್ಕೆ ಗೆನೀಜಾ ಅಂತಾರೆ. ನಮ್ಮಲ್ಲೂ ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ತೀವಲ್ಲ, ಆ ಭಾವನೆಯೇ, ಆದರೆ ಅವರು ಅದನ್ನು ನಿಯಮ ಮಾಡಿಕೊಂಡಿದ್ದರು. ಆ ಕಾಲದ ವ್ಯಾಪಾರಿ ಪತ್ರ ಶುರುವಾಗೋದೇ ದೇವರ ಹೆಸರಿನಿಂದ. ಹಾಗಾಗಿ ಧರ್ಮಗ್ರಂಥದ ಜೊತೆಗೆ ವ್ಯಾಪಾರದ ಪತ್ರ, ಮದುವೆಯ ಕರಾರು, ಸಾಮಾನಿನ ಪಟ್ಟಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ಎಲ್ಲ ಅಲ್ಲಿಗೆ ಹೋಯಿತು. ಗೋಡೆಯ ಎತ್ತರದಲ್ಲಿ ಒಂದು ಕಿಂಡಿ, ಏಣಿ ಹಾಕಿ ಹತ್ತಿ ಒಳಗೆ ಹಾಕೋದು. ಫುಸ್ತಾತ್‌ನವರು ಹಾಕೋದನ್ನು ಹಾಕಿದರು, ಹೂಳೋದನ್ನು ಮಾತ್ರ ಮಾಡಲಿಲ್ಲ. ಒಣ ಹವೆಯ ಊರು ಬೇರೆ. ಸುಮಾರು ಒಂಬೈನೂರು ವರ್ಷದ ಕಾಗದ ಅಲ್ಲೇ ಉಳಿಯಿತು.

1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಅನ್ನೋ ಅವಳಿ ಸೋದರಿಯರು ಆ ಕಡೆ ಪ್ರವಾಸ ಹೋಗಿ ಕೊಂಡುಕೊಂಡು ಬಂದ ಕೆಲವು ಹಾಳೆಗಳನ್ನು ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್ ಅನ್ನೋ ವಿದ್ವಾಂಸರಿಗೆ ತೋರಿಸಿದರು. ಅವರು ಅದೇ ವರ್ಷದ ಕೊನೆಗೆ ಈಜಿಪ್ಟಿಗೆ ಹೊರಟೇಬಿಟ್ಟರು. ತಂದದ್ದು ಎಷ್ಟು ಗೊತ್ತಾ? ಸುಮಾರು 1,93,000 ತುಣುಕು. ಉಳಿದವು ಆಕ್ಸ್‌ಫರ್ಡ್, ಸೇಂಟ್ ಪೀಟರ್ಸ್‌ಬರ್ಗ್, ನ್ಯೂಯಾರ್ಕ್ ಅಂತ ಚದುರಿಹೋದವು. ಈಜಿಪ್ಟಿನ ಆಸ್ತಿ ಹೀಗೆ ಮೂಟೆ ಕಟ್ಟಿ ಹೊರಗೆ ಹೋದದ್ದು ಸರಿಯಾ ಅಂತ ಕೇಳಿದರೆ, ನನಗೆ ಅದು ಸರಿ ಅಂತ ಅನಿಸೋದಿಲ್ಲ. ಆದರೆ ಇವತ್ತು ನಾನು ಮೊಬೈಲಲ್ಲಿ ನೋಡ್ತಾ ಇರೋದೂ ಅದರಿಂದಾಗಿಯೇ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮುಂದೆ ಹೋಗೋಣ.

ಶೆಕ್ಟರ್‌ಗೆ ಬೇಕಾಗಿದ್ದದ್ದು ಧಾರ್ಮಿಕ ಹಸ್ತಪ್ರತಿಗಳು. ಲೆಕ್ಕಪತ್ರ, ಅಂಗಡಿ ಚೀಟಿ ಅವರ ವಿಷಯ ಅಲ್ಲ. ಅದನ್ನು ಗಂಭೀರವಾಗಿ ತಗೊಂಡವರು ಎಸ್. ಡಿ. ಗೊಯ್ಟೈನ್. 20ನೇ ಶತಮಾನದ ನಡುವಿನಿಂದ ಸಾಯೋವರೆಗೂ ಅವರು ಈ ವ್ಯಾಪಾರಿ ಕಾಗದಗಳನ್ನು ಓದುತ್ತಲೇ ಇದ್ದರು. ಅದರಲ್ಲಿ ಭಾರತದ ವ್ಯಾಪಾರಕ್ಕೆ ಸಂಬಂಧಪಟ್ಟದ್ದನ್ನೇ ಬೇರೆಯಾಗಿ ಜೋಡಿಸಿದರು. ಅವರು ಬಿಟ್ಟುಹೋದ ಕೆಲಸವನ್ನು ಮೊರ್ಡೆಕಾಯ್ ಫ್ರೀಡ್‌ಮನ್ ಮುಂದುವರಿಸಿ, 2008ರಲ್ಲಿ ದಪ್ಪ ಪುಸ್ತಕವಾಗಿ ಹೊರತಂದರು. ಆ ಭಾರತದ ಕಾಗದಗಳ ನಡುವೆ ನಿಂತಿರೋ ಮನುಷ್ಯನ ಹೆಸರು ಅಬ್ರಹಾಂ ಬೆನ್ ಯಿಜು.

ಈತ ಹುಟ್ಟಿದ್ದು ಇವತ್ತಿನ ಟುನೀಶಿಯಾದ ಅಲ್ ಮಹ್ದಿಯಾ ಅನ್ನೋ ಬಂದರಿನಲ್ಲಿ. ವ್ಯಾಪಾರಕ್ಕೆ ಅಂತ ಏಡನ್‌ಗೆ ಬಂದ, ಅಲ್ಲಿಂದ ನಮ್ಮ ಕರಾವಳಿಗೆ. 1132ರ ಹೊತ್ತಿಗೆ ಮಂಗಳೂರಲ್ಲಿ ಇದ್ದ, 1149ರಲ್ಲಿ ಹೊರಟ. ಲೆಕ್ಕ ಹಾಕಿ, ಹದಿನೇಳು ವರ್ಷ. ಆಗ ತುಳುನಾಡಿನಲ್ಲಿ ಆಳುತ್ತಿದ್ದವರು ಆಳುಪರು, ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನ. ನಾವು ಶಾಲೆಯಲ್ಲಿ ಉರು ಹೊಡೆದ ಹೆಸರುಗಳು ಇವು. ಅದೇ ಕಾಲದಲ್ಲಿ, ಅದೇ ನೆಲದಲ್ಲಿ ಒಬ್ಬ ಅರಬ್ಬಿ ಮಾತಾಡೋ ಯಹೂದಿ ವ್ಯಾಪಾರಿ ಅಡಿಕೆ ತೂಗಿಸ್ತಾ ಕೂತಿದ್ದ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಬಿಡಿ.

ವ್ಯಾಪಾರದ ಕ್ರಮ ಹೇಳ್ತೇನೆ, ಇದು ನನಗೆ ಇಷ್ಟದ ಭಾಗ. ಏಡನ್‌ನಲ್ಲಿ ಮೂರು ಜನ ಗೆಳೆಯರು. ಮದ್ಮೂನ್ ಅನ್ನೋನು ಅಲ್ಲಿನ ವ್ಯಾಪಾರಿಗಳ ಮುಖ್ಯಸ್ಥ, ಬಂದರಿನ ಆಡಳಿತದಲ್ಲೂ ಕೈ ಇದ್ದವನು. ಯೂಸುಫ್ ಇಬ್ನ್ ಅಬ್ರಹಾಂ, ಖಲಫ್ ಇಬ್ನ್ ಇಸ್‌ಹಾಕ್ ಇನ್ನಿಬ್ಬರು. ಇಲ್ಲಿಂದ ಬೆನ್ ಯಿಜು ಕಳಿಸೋದು ಮೆಣಸು, ಕಬ್ಬಿಣ, ಏಲಕ್ಕಿ, ಅಡಿಕೆ, ಲೋಹದ ಪಾತ್ರೆಗಳು. ತೂಕದ ಅಳತೆ ಬಹಾರ್, ಸುಮಾರು 300 ಪೌಂಡ್. ಈ ಬಹಾರ್ ಎಲ್ಲಿಂದ ಬಂತು ಅಂದ್ರೆ ನಮ್ಮ ‘ಭಾರ’ದಿಂದಲೇ. ಸಂಸ್ಕೃತದ ಶಬ್ದ ಹಡಗು ಹತ್ತಿ ಅರಬ್ಬಿ ಆಯಿತು. ಅಲ್ಲಿಂದ ಬರೋದು ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಚಾಪೆ, ಪಾಷಾಣ, ಮತ್ತೆ ಮುಖ್ಯವಾಗಿ ಕಾಗದ. ನಮ್ಮಲ್ಲಿ ಆಗ ಬರೆಯೋದು ತಾಳೆಗರಿ ಮೇಲೆ. ಈತನಿಗೆ ಕಾಗದ ಇಲ್ಲದೆ ಆಗೋದಿಲ್ಲ. ಗೆಳೆಯರು ಪ್ರತಿ ಸಲ ಒಳ್ಳೆಯ ಕಾಗದದ ಕಟ್ಟು ಉಡುಗೊರೆಯಾಗಿ ಕಳಿಸ್ತಿದ್ದರು, ಇದಕ್ಕಿಂತ ಒಳ್ಳೇದು ಸಿಗೋದಿಲ್ಲ ಅಂತ ಹೊಗಳಿ ಬರೆದು. ಈತ ಅದನ್ನು ಎಷ್ಟು ಜೋಪಾನ ಮಾಡ್ತಿದ್ದ ಅಂದ್ರೆ, ಬಂದ ಪತ್ರಗಳ ಹಿಂಬದಿಯಲ್ಲಿ, ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ತನ್ನ ಲೆಕ್ಕ ಬರೀತಿದ್ದ. ಪದ್ಯ ಕಟ್ಟೋ ಹುಚ್ಚೂ ಇತ್ತು, ಅದನ್ನೂ ಅಲ್ಲೇ ಗೀಚಿದ್ದಾನೆ. ಓದಿದವರು ಪದ್ಯ ಸಾಧಾರಣ ಅಂತಾರೆ, ನನಗೆ ಹೀಬ್ರೂ ಬಾರದು, ಪಾರು.

ಒಂದು ಪಾತ್ರೆಯ ಕಾರ್ಖಾನೆ ಕೂಡ ಇತ್ತು ಈತನಿಗೆ. ಏಡನ್‌ನಿಂದ ಮುರಿದ ಹಳೇ ತಾಮ್ರದ ಪಾತ್ರೆಗಳು ಬರ್ತಿದ್ದವು. ಇದನ್ನು ಕರಗಿಸಿ ಇಂಥ ಅಳತೆಯ ಹರಿವಾಣ ಮಾಡಿಸು, ಇಷ್ಟು ತೂಕದ ಹೂಜಿ ಮಾಡಿಸು ಅಂತ ಪತ್ರದಲ್ಲಿ ವಿವರವಾಗಿ ಆರ್ಡರ್. ಇಲ್ಲಿನ ಕಂಚುಗಾರರು ಮಾಡಿಕೊಟ್ಟದ್ದು ಮತ್ತೆ ಹಡಗು ಹತ್ತಿ ಏಡನ್‌ಗೆ. ಇವತ್ತು ಜಾಬ್‌ವರ್ಕ್ ಅಂತೀವಲ್ಲ, ಅದೇ. ಜಿಎಸ್‌ಟಿ ಒಂದು ಇರಲಿಲ್ಲ.

ಇಷ್ಟೆಲ್ಲ ನಡೆದದ್ದು ಗಾಳಿಯ ಮೇಲೆ. ಮುಂಗಾರಿನ ಗಾಳಿ ಒಂದು ಕಡೆಗೆ, ಹಿಂಗಾರಿನದ್ದು ಇನ್ನೊಂದು ಕಡೆಗೆ. ನೀವು ಕೇಳಿದ ಪ್ರಶ್ನೆಗೆ ಉತ್ತರ ಬರಲು ಒಂದು ವರ್ಷ ಕಾಯಬೇಕು. ಏಡನ್‌ನಲ್ಲಿರೋನು ಮಂಗಳೂರಿನವನ ಮಾಲು ಇಳಿಸಿಕೊಂಡು, ಸುಂಕ ಕಟ್ಟಿ, ಮಾರಿ, ಬಂದ ದುಡ್ಡಿಗೆ ಬೇರೆ ಸಾಮಾನು ಕೊಂಡು ಕಳಿಸ್ತಾನೆ. ಇದಕ್ಕೆ ಕಮಿಷನ್ ಇಲ್ಲ, ಸಂಬಳ ಇಲ್ಲ. ನಾನು ನಿನಗೆ ಮಾಡ್ತೇನೆ, ನೀನು ನನಗೆ ಮಾಡು, ಅಷ್ಟೇ. ಗೊಯ್ಟೈನ್ ಇಡೀ ವ್ಯಾಪಾರವೇ ಈ ಗೆಳೆತನದ ಮೇಲೆ ನಿಂತಿತ್ತು ಅಂತ ತೋರಿಸಿದ್ದಾರೆ. ನಮ್ಮ ಕ್ಲಾಸಲ್ಲಿ ಪ್ರಿನ್ಸಿಪಲ್ ಮತ್ತು ಏಜೆಂಟ್ ಅಂತ ಒಂದು ಇಡೀ ಅಧ್ಯಾಯ ಇತ್ತು, ಪರೀಕ್ಷೆಗೆ ಖಂಡಿತ ಬರ್ತಿತ್ತು. ಅಲ್ಲಿ ಗೆಳೆತನ ಅನ್ನೋ ಪದ ಒಂದೇ ಒಂದು ಸಲ ಇರಲಿಲ್ಲ.

ನಷ್ಟವೂ ಆಗ್ತಿತ್ತು. ಒಂದು ಪತ್ರದಲ್ಲಿ ಖಲಫ್ ಬರೀತಾನೆ, ನಿನ್ನ ಮಾಲು ಇದ್ದ ಎರಡು ಹಡಗಿನಲ್ಲಿ ದೊಡ್ಡದು ಮುಳುಗಿತು, ಮೆಣಸು ಪೂರ್ತಿ ಹೋಯಿತು, ಕಬ್ಬಿಣಕ್ಕಾಗಿ ಮುಳುಗುಗಾರರನ್ನು ಕಳಿಸಿ ಸುಮಾರು ಅರ್ಧ ಮೇಲೆತ್ತಿಸಿದೆವು ಅಂತ. ಯೋಚನೆ ಮಾಡಿ, ಮಂಗಳೂರಿನಲ್ಲಿ ಕೂತವನಿಗೆ ಈ ಸುದ್ದಿ ತಲುಪೋ ಹೊತ್ತಿಗೆ ಆ ಮೆಣಸು ಸಮುದ್ರದ ತಳ ಸೇರಿ ತಿಂಗಳುಗಳೇ ಆಗಿರ್ತವೆ. ಅಲ್ಲಿವರೆಗೆ ಅವನು ಅದನ್ನು ಲಾಭದ ಕಡೆಗೇ ಬರೆದುಕೊಂಡಿರ್ತಾನೆ.

ಪತ್ರಗಳಲ್ಲಿ ನಮ್ಮ ಕಡೆಯ ಹೆಸರುಗಳು ಕಾಣಿಸಿಕೊಳ್ತವೆ. ಮದ್ಮೂನ್ ಒಂದು ಕಡೆ ಮಂಗಳೂರಿನ ಮೂವರು ವ್ಯಾಪಾರಿಗಳಿಗೆ ಸುದ್ದಿ ಮುಟ್ಟಿಸಲು ಹೇಳ್ತಾನೆ. ಅವರು ಇಲ್ಲಿಂದ ಏಡನ್‌ಗೆ ಹಡಗು ಕಳಿಸೋದಾದರೆ ತಾನೂ ಪಾಲು ಹಾಕಿ ಸೇರಿಕೊಳ್ತೇನೆ ಅಂತ. ಆ ಮೂವರಲ್ಲಿ ಒಬ್ಬನ ಹೆಸರು ಸೂಸ್ ಸೀತಿ. ಈ ‘ಸೀತಿ’ ನಮ್ಮ ‘ಸೆಟ್ಟಿ’ ಅಂತ ಓದ್ತಾರೆ, ನನಗೂ ಬೇರೆ ತೋರೋದಿಲ್ಲ. ಇನ್ನೊಬ್ಬ ಇಸ್‌ಹಾಕ್ ಬನಿಯಾ, ಗುಜರಾತಿ ಇರಬೇಕು. ಹಡಗಿನ ಒಡೆಯರ ಪಟ್ಟಿಯಲ್ಲಿ ಫತನ್ ಸ್ವಾಮಿ ಅಂತ ಒಬ್ಬ. ಅರಬ್ಬಿಯಲ್ಲಿ ‘ಪ’ ಇಲ್ಲ, ಹಾಗಾಗಿ ಅದನ್ನು ತಿರುಗಿಸಿ ಓದಿ: ಪಟ್ಟಣಸ್ವಾಮಿ. ನಮ್ಮ ಶಾಸನಗಳಲ್ಲಿ ಪೇಟೆಯ ವ್ಯಾಪಾರಿಗಳ ಮುಖ್ಯಸ್ಥನಿಗೆ ಇದ್ದ ಬಿರುದು ಅದು. ಹುಂಚದ ಹನ್ನೊಂದನೇ ಶತಮಾನದ ಶಾಸನಗಳಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯ ಅಂತ ಒಬ್ಬ ಬರ್ತಾನೆ, ಬಸದಿ ಕಟ್ಟಿಸಿದವನು. ಕಲ್ಲಿನ ಮೇಲೆ ಅವರು ಕೊಟ್ಟ ದಾನ ಉಳಿಯಿತು. ಮೆಣಸಿನ ದರ ಎಷ್ಟಿತ್ತು, ಯಾರು ಯಾರಿಗೆ ಟೋಪಿ ಹಾಕಿದರು ಅನ್ನೋದನ್ನು ಯಾರು ಕಲ್ಲಲ್ಲಿ ಕೆತ್ತಿಸ್ತಾರೆ ಹೇಳಿ?

ಟೋಪಿ ಹಾಕಿದ ಕತೆ ಇಲ್ಲಿ ಉಂಟು. ಪತ್ರಗಳಲ್ಲಿ ಕಾರ್ದಾರ್ ಅಂತ ಒಬ್ಬ ಬರ್ತಾನೆ, ಏಲಕ್ಕಿ ಸಂಗ್ರಹಿಸಿ ಕೊಡೋ ಸ್ಥಳೀಯ ದಲ್ಲಾಳಿ. ಬೆನ್ ಯಿಜು ಅವನಿಗೆ ಮುಂಗಡ ಕೊಟ್ಟ. ದುಡ್ಡು ಸ್ವಂತದ್ದಲ್ಲ, ಏಡನ್ ಗೆಳೆಯರದ್ದೂ ಸೇರಿತ್ತು. ಏಲಕ್ಕಿ ಬರಲಿಲ್ಲ. ಒಂದು ವರ್ಷ ಹೋಯಿತು, ಇನ್ನೊಂದು ಹೋಯಿತು. ಅಲ್ಲಿಂದ ಯೂಸುಫ್ ಸಿಟ್ಟಾಗಿ ಬರೀತಾನೆ, ಅವನನ್ನು ಸ್ವಲ್ಪ ಹೆದರಿಸು, ಏಡನ್‌ನಲ್ಲಿ ನಾವು ಸಾಲ ತೀರಿಸದವರ ಮೇಲೆ ಖಂಡನೆ ಹೊರಡಿಸ್ತೇವೆ, ಕೊಡದೇ ಹೋದರೆ ಅಂಥ ಅಧಿಕೃತ ಪತ್ರವನ್ನೇ ಕಳಿಸ್ತೇವೆ ಅಂತ ಹೇಳು ಅಂತ. ಸಿಬಿಲ್ ಸ್ಕೋರ್ ಹಾಳು ಮಾಡ್ತೇವೆ ಅಂತ ಹೆದರಿಸಿದ ಹಾಗೆ. ಘಟ್ಟದ ಕೆಳಗಿನ ಏಲಕ್ಕಿ ದಲ್ಲಾಳಿಗೆ ಏಡನ್‌ನ ಖಂಡನೆ ಎಷ್ಟು ನಾಟಿತೋ! ಈ ಭಾಗ ಓದುವಾಗ ನನಗೆ ಅಜ್ಜನ ದನಿ ಕೇಳಿದ ಹಾಗಾಯಿತು. ಮುಂಗಡ ತಗೊಂಡು ಮಾಲು ಬೇರೆ ಅಂಗಡಿಗೆ ಹಾಕಿದವರ ಬಗ್ಗೆ ಅವರು ಬೈಗುಳ ಬಳಸ್ತಿರಲಿಲ್ಲ. ‘ಅವ ಬರ್ತಾನೆ, ದಾರಿ ಮರೆತಿದ್ದಾನೆ’ ಅಂತಿದ್ದರು. ಕೆಲವರು ಬರ್ತಿದ್ದರು, ಹೆಚ್ಚಿನವರಿಗೆ ದಾರಿ ನೆನಪಾಗ್ಲೇ ಇಲ್ಲ.

ಈಗ ನಾನು ಈ ಸಂಚಿಕೆ ಮಾಡಬೇಕು ಅಂದುಕೊಂಡದ್ದಕ್ಕೆ ನಿಜವಾದ ಕಾರಣಕ್ಕೆ ಬರ್ತೇನೆ. ಇಬ್ಬರ ಹೆಸರು.

ಒಂದು ಅಶು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಒಂದು ದಾಖಲೆ ಮಾಡಿಸ್ತಾನೆ. ಅಶು ಅನ್ನೋ ತನ್ನ ದಾಸಿಯನ್ನು ಬಿಡುಗಡೆ ಮಾಡಿದ್ದೇನೆ ಅಂತ. ಆಕೆಗೆ ಹೊಸ ಹೆಸರು ಬೆರಾಖಾ, ಅಂದರೆ ಆಶೀರ್ವಾದ. ಈತ ಭಾರತದಲ್ಲಿ ಇದ್ದ ಅನ್ನೋದಕ್ಕೆ ತಾರೀಕು ಇರೋ ಮೊದಲ ದಾಖಲೆಯೇ ಇದು. ನೋಡಿ, ಹದಿನೇಳು ವರ್ಷದ ಅವನ ಮಂಗಳೂರು ವಾಸ ನಮಗೆ ಶುರುವಾಗೋದು ಆಕೆಯ ಹೆಸರಿನಿಂದ. ಬಿಡುಗಡೆ ಆದ ಮೇಲೆ ಆಕೆಯನ್ನೇ ಮದುವೆಯಾದ ಅಂತ ವಿದ್ವಾಂಸರು ಹೇಳ್ತಾರೆ. ಅವನ ಲೆಕ್ಕದ ಚೀಟಿಯಲ್ಲಿ ಒಂದು ಕಡೆ ಆಕೆಯ ಅಣ್ಣನೋ ತಮ್ಮನೋ ‘ನಾಯರ್’ ಅಂತ ನಮೂದಾಗಿದ್ದಾನೆ. ಹಾಗಾಗಿ ಆಕೆ ಮಲಬಾರಿನ ನಾಯರ್ ಮನೆತನದವಳಿರಬೇಕು ಅನ್ನೋ ಊಹೆ. ಅಷ್ಟೇ. ಏಡನ್ ಗೆಳೆಯರು ಪತ್ರದ ಕೊನೆಗೆ ಊರಿನವರಿಗೆಲ್ಲ ಸಲಾಂ ಹೇಳ್ತಾರೆ, ಅವನ ಮಕ್ಕಳ ಕ್ಷೇಮ ಕೇಳ್ತಾರೆ. ನಾನು ಅನುವಾದದಲ್ಲಿ ಓದಿದ ಪತ್ರಗಳಲ್ಲಿ ಅಶುಗೆ ಒಂದು ಸಲಾಂ ಇಲ್ಲ. ಇನ್ನೊಬ್ಬನ ಮನೆಯ ಹೆಂಗಸಿನ ಹೆಸರನ್ನು ಪತ್ರದಲ್ಲಿ ಎತ್ತಬಾರದು ಅನ್ನೋ ಆ ಕಾಲದ ಮರ್ಯಾದೆಯೂ ಇದರಲ್ಲಿ ಸೇರಿದೆ, ಒಪ್ಪೋಣ.

ಎರಡನೆಯದು ಬ-ಮ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯೋದಿಲ್ಲ. ಪತ್ರದಲ್ಲಿರೋದು ಬ, ಮ, ಕೊನೆಗೆ ಒಂದು ದೀರ್ಘದ ಗುರುತು, ಅಷ್ಟೇ. ಈತ ಬೆನ್ ಯಿಜುವಿನ ಗುಲಾಮ. ಗುಲಾಮ ಅಂದ ಕೂಡಲೇ ನಮ್ಮ ತಲೆಗೆ ಬರೋದು ಅಮೆರಿಕದ ಹತ್ತಿ ತೋಟ. ಇಲ್ಲಿ ಕೆಲಸ ಬೇರೆ ಥರ. ಈತ ಯಜಮಾನನ ಪರವಾಗಿ ಹಡಗು ಹತ್ತಿ ಏಡನ್‌ಗೆ ಹೋಗ್ತಾನೆ, ಬೆಲೆಬಾಳೋ ಮಾಲು ಒಪ್ಪಿಸ್ತಾನೆ, ಬದಲಿ ಸಾಮಾನು ತರ್ತಾನೆ. ಒಂದು ಸಲ ಏಡನ್‌ನಲ್ಲಿದ್ದಾಗ ಕುಡಿದು, ಇನ್ನೂ ದುಡ್ಡು ಕೊಡು ಅಂತ ಮದ್ಮೂನ್‌ನ ಜೀವ ತಿಂದನಂತೆ, ಮದ್ಮೂನ್ ಅದನ್ನು ಲೆಕ್ಕದ ಜೊತೆ ಸೇರಿಸಿ ಯಜಮಾನನಿಗೆ ದೂರು ಬರೆದಿದ್ದಾನೆ. ಒಂಬೈನೂರು ವರ್ಷದ ಹಿಂದೆ ನಮ್ಮ ಊರಿನವನೊಬ್ಬ ಪರದೇಶದಲ್ಲಿ ಕುಡಿದು ಗಲಾಟೆ ಮಾಡಿದ್ದು ದಾಖಲೆಯಲ್ಲಿ ಉಳಿದಿದೆ ಅಂದ್ರೆ, ಮಾರಾಯ್ರೆ, ನನಗೆ ಖುಷಿಯೇ ಆಯಿತು. ಆದರೆ ಖುಷಿಯ ಹಿಂದೆಯೇ ಇನ್ನೊಂದು ಬರ್ತದೆ. ಇಷ್ಟು ನಂಬಿಕೆಯ ಮನುಷ್ಯನಾದರೂ ಅವನು ಇನ್ನೊಬ್ಬನ ಸ್ವತ್ತು. ಪುಸ್ತಕದ ಯಾವ ಬದಿಗೆ ಅವನ ಹೆಸರು ಬರ್ತಿತ್ತು ಅಂತ ಅಕೌಂಟೆನ್ಸಿ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1148ರಲ್ಲಿ ಖಲಫ್ ಮಂಗಳೂರಿಗೆ ಬರೆದ ಪತ್ರದಲ್ಲಿ ಈ ಗುಲಾಮನಿಗೂ ಹೆಸರು ಹಿಡಿದು ಸಲಾಂ ಇದೆ. ಅದು 1942ರಲ್ಲಿ ಹೀಬ್ರೂ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1978ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದ್ತಿದ್ದ ಅಮಿತಾವ್ ಘೋಷ್ ಅನ್ನೋ ಹುಡುಗನಿಗೆ ಗೊಯ್ಟೈನ್ ಅವರ ಅನುವಾದದಲ್ಲಿ ಈ ಗುಲಾಮನ ಹೆಸರು ಕಣ್ಣಿಗೆ ಬಿತ್ತು. ಹೌದು, ಕಾದಂಬರಿಕಾರ ಅಮಿತಾವ್ ಘೋಷ್. ಅವರು ಈ ಗುಲಾಮನ ಬೆನ್ನು ಹತ್ತಿ ಈಜಿಪ್ಟಿನ ಹಳ್ಳಿಯಲ್ಲಿ ಇದ್ದು ಅರಬ್ಬಿ ಕಲಿತು, ಹೀಬ್ರೂ ಲಿಪಿ ಓದೋದು ಕಲಿತು, ಕೊನೆಗೆ ಮಂಗಳೂರಿಗೂ ಬಂದರು. ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಅನ್ನೋ ಅವರ ಪುಸ್ತಕ 1992ರಲ್ಲಿ ಬಂತು. ಹೆಸರಿನ ಗಂಟು ಬಿಡಿಸಿಕೊಟ್ಟದ್ದು ಮಂಗಳೂರಿನಲ್ಲೇ, ತುಳು ಜಾನಪದದ ವಿದ್ವಾಂಸ ಪ್ರೊ. ಬಿ. ಎ. ವಿವೇಕ ರೈ. ಅದು ಬೊಮ್ಮ ಇರಬೇಕು ಅಂದರು ಅವರು. ಬ್ರಹ್ಮ ಬೊಮ್ಮ ಆದದ್ದು, ತುಳುನಾಡಿನಲ್ಲಿ ಬೆರ್ಮೆರ್ ಆರಾಧನೆ ಇರೋದು ನಿಮಗೆ ಗೊತ್ತು. ಆ ಕಾಲದ ಕನ್ನಡ ಶಾಸನಗಳನ್ನು ತೆಗೆದರೆ ಬೊಮ್ಮ, ಬಮ್ಮಯ್ಯ, ಬಮ್ಮಿಸೆಟ್ಟಿ ಸಾಲು ಸಾಲು ಸಿಗ್ತಾರೆ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಎರಡು ವ್ಯಂಜನವಾಗಿ ಬಿದ್ದಿದ್ದ ಮನುಷ್ಯನಿಗೆ ಉಸಿರು ಬಂದದ್ದು ಊರಿನ ಭಾಷೆ ಗೊತ್ತಿದ್ದವರಿಂದ.

ಬೆನ್ ಯಿಜು 1149ರಲ್ಲಿ ಮಂಗಳೂರು ಬಿಟ್ಟ. ಮಗ, ಮಗಳು ಜೊತೆಗೆ. ಪ್ರಯಾಣಕ್ಕೆ ಅಂತ ಅವನು ಬರೆದುಕೊಂಡ ಸಾಮಾನಿನ ಪಟ್ಟಿಯೊಂದು ಸಿಕ್ಕಿದೆ, ಎಲಿಜಬೆತ್ ಲ್ಯಾಂಬರ್ನ್ ಅನ್ನೋ ಇತಿಹಾಸಕಾರ್ತಿ ಅದೊಂದರ ಮೇಲೆಯೇ ಇಡೀ ಪುಸ್ತಕ ಬರೆದಿದ್ದಾರೆ. ಅಕ್ಕಿ ಇದೆ, ಗಾಜಿನ ಬಾಟಲಿ ಇದೆ, ನಿಂಬೆಕಾಯಿ ಉಪ್ಪಿನಕಾಯಿ ಇದೆ. ದುಬೈಗೆ ಹೊರಟ ನಮ್ಮ ಅತ್ತೆಯ ಬ್ಯಾಗ್ ತೆರೆದರೂ ಇಷ್ಟೇ ಸಿಗೋದು.

ಏಡನ್ ತಲುಪಿ ಅದೇ ಸೆಪ್ಟೆಂಬರ್‌ನಲ್ಲಿ ತನ್ನ ಸೋದರರಿಗೆ ಪತ್ರ ಬರೀತಾನೆ. ಅಷ್ಟರಲ್ಲಿ ಹುಟ್ಟೂರು ಅಲ್ ಮಹ್ದಿಯಾವನ್ನು ಸಿಸಿಲಿಯ ನಾರ್ಮನ್ ರಾಜನ ಸೈನ್ಯ ಹಿಡಿದಿತ್ತು, ಮನೆಯವರು ನಿರಾಶ್ರಿತರಾಗಿ ಸಿಸಿಲಿ ಸೇರಿದ್ದರು. ನಾನು ಕ್ಷೇಮವಾಗಿ ಬಂದಿದ್ದೇನೆ, ನಮಗೆಲ್ಲರಿಗೂ ಸಾಕಾಗುವಷ್ಟು ಇದೆ, ಬನ್ನಿ, ನಿಮ್ಮ ಮಗನಿಗೆ ನನ್ನ ಮಗಳನ್ನು ಕೊಡ್ತೇನೆ ಅಂತ ಅದರ ಒಟ್ಟು ಸಾರ. ಆಮೇಲೆ ಆದದ್ದೇ ಬೇರೆ. ಒಬ್ಬ ತಮ್ಮನಿಗೆ ದೊಡ್ಡ ಮೊತ್ತ ಒಪ್ಪಿಸಿದರೆ ಅವನು ಮೋಸ ಮಾಡಿದ. ಮಗ ಯೆಮನ್‌ನಲ್ಲೇ ತೀರಿಕೊಂಡ. ಹದಿನೇಳು ವರ್ಷ ಪರಕೀಯರ ಜೊತೆ ಕೊಟ್ಟು ತಗೊಂಡು ಬದುಕಿದವನಿಗೆ, ಆ ಏಲಕ್ಕಿಯವನನ್ನೂ ಸೇರಿಸಿ, ಸ್ವಂತ ತಮ್ಮ ಕೊಟ್ಟ ಪೆಟ್ಟೇ ದೊಡ್ಡದಾಯಿತು.

ಮಗಳನ್ನು ತನ್ನ ಮಗನಿಗೆ ಮಾಡಿಕೊಳ್ತೇನೆ ಅಂತ ಏಡನ್‌ನ ಗೆಳೆಯನೊಬ್ಬ ಕೇಳಿದ್ದ, ಆಕೆ ಮೂರು ವರ್ಷ ಅವರ ಮನೆಯಲ್ಲೇ ಬೆಳೆದಿದ್ದಳು. ಬೆನ್ ಯಿಜು ಒಪ್ಪಲಿಲ್ಲ, ರಕ್ತಸಂಬಂಧವೇ ಬೇಕು ಅಂದ. ಆಕೆಯನ್ನು ಕರಕೊಂಡು ಫುಸ್ತಾತ್‌ಗೆ ಹೋದ, ಜೊತೆಗೆ ತನ್ನ ಕಾಗದದ ಕಟ್ಟುಗಳನ್ನೂ ಒಯ್ದ. ಮಂಗಳೂರಿನ ಲೆಕ್ಕ ಕೈರೋದ ಕೋಣೆಗೆ ಬಂದದ್ದು ಹೀಗೆ. ಇಲ್ಲೇ ಬಿಟ್ಟಿದ್ದರೆ ನಮ್ಮ ಒಂದು ಮಳೆಗಾಲ, ಒಂದು ಗೆದ್ದಲಿನ ಹುತ್ತ, ಅಷ್ಟು ಸಾಕಿತ್ತು.

1156ರಲ್ಲಿ ಸಿಸಿಲಿಯಿಂದ ಬಂದ ಸೋದರನ ಮಗ ಸುರೂರ್ ಜೊತೆ ಆ ಹುಡುಗಿಯ ಮದುವೆ ಫುಸ್ತಾತ್‌ನಲ್ಲಿ ಆಯಿತು. ಮದುವೆಗೆ ಕೊಟ್ಟ ವಸ್ತುಗಳ ಪಟ್ಟಿಯೂ ಉಳಿದಿದೆ. ಅದು ಇರೋದು ರಷ್ಯಾದಲ್ಲಿ. ಮಂಗಳೂರಿನಲ್ಲಿ ಬಾಲ್ಯ ಕಳೆದು ಕೈರೋದಲ್ಲಿ ಮದುವಣಗಿತ್ತಿಯಾದ ಈ ಹುಡುಗಿಯ ಹೆಸರು ಕಾಗದದಲ್ಲಿ ಸಿತ್ತ್ ಅಲ್ ದಾರ್. ಅರಬ್ಬಿಯಲ್ಲಿ ಹಾಗಂದರೆ ಮನೆಯ ಯಜಮಾನಿ ಅಂತ. ಮಂಗಳೂರಿನ ಮನೆಯಲ್ಲಿ ಅಶು ಆಕೆಯನ್ನು ಏನಂತ ಕರೀತಿದ್ದಳು ಅನ್ನೋದು ಮಾತ್ರ ಯಾವ ಚೂರಿನಲ್ಲೂ ಇಲ್ಲ.

ಈ ವಾರ ಇಷ್ಟೇ. ಕೇಂಬ್ರಿಜ್‌ನ ಪುಟಗಳನ್ನು ತೆರೆದರೆ, ಹಾಳೆಯ ಮುಂಬದಿ ನೋಡಿ ಮುಚ್ಚಬೇಡಿ, ಹಿಂಬದಿಯ ಫೋಟೋನೂ ತೆರೆಯಿರಿ. ಬೆನ್ ಯಿಜುವಿನ ಕೈಬರಹ ಇರೋದು ಹೆಚ್ಚಾಗಿ ಆ ಬದಿಯಲ್ಲೇ. ಮತ್ತೆ, ನಿಮ್ಮ ಮನೆಯ ಅಟ್ಟದಲ್ಲಿ ಕೆಂಪು ರಟ್ಟಿನ ಉದ್ದ ಪುಸ್ತಕ ಏನಾದರೂ ಇದ್ದರೆ ಗುಜರಿಯವನಿಗೆ ಫೋನ್ ಮಾಡೋ ಮೊದಲು ನನಗೊಂದು ಮೆಸೇಜ್ ಹಾಕಿ. ನಾನು ಬಂದು ಚೀಲ ಇಳಿಸ್ತೇನೆ, ಅಭ್ಯಾಸ ಉಂಟು.